ಪೆಟ್ರೋಲ್ ಮಾಡೆಲ್ ವಿಮಾನ: ನೀಡಲ್ ತಿರುಗಿಸುವ ಮೊದಲು ಪೈಪ್ ನೋಡಿ

ನೀವು ಕೇಳಿದ್ದು ಇಷ್ಟು: ಗ್ಲೋ ಇಂಜಿನ್ (ಮೆಥನಾಲ್ ಇಂಧನದ್ದು) ತೆಗೆದು ಡಿಎಲ್‌ಇ 20 ಪೆಟ್ರೋಲ್ ಇಂಜಿನ್ ಕೂರಿಸಿದ್ದೀರಿ, ಟ್ಯಾಂಕ್ ಮತ್ತು ಪೈಪ್ ಹಳೆಯವೇ. ನಿಧಾನಕ್ಕೆ ಚೆನ್ನಾಗಿ ಓಡುತ್ತೆ, ಫುಲ್ ಥ್ರಾಟಲ್ ಕೊಟ್ಟರೆ ಕೆಲವು ಸೆಕೆಂಡಲ್ಲಿ ಆಫ್ ಆಗುತ್ತೆ. ಎಚ್ ನೀಡಲ್ (ಫುಲ್ ಥ್ರಾಟಲಿಗೆ ಎಷ್ಟು ಪೆಟ್ರೋಲ್ ಅಂತ ಹೊಂದಿಸುವ ತಿರುಪು) ಎಷ್ಟು ತೆರೆದರೂ ಅಷ್ಟೇ.

ದಯವಿಟ್ಟು ನೀಡಲ್ ಮುಟ್ಟೋದು ನಿಲ್ಲಿಸಿ. ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಅನುಮಾನ ಇರೋದು ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ದಾರಿಯ ಮೇಲೆ. ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ.

ಗ್ಲೋ ಇಂಜಿನಲ್ಲಿ ಸೈಲೆನ್ಸರ್‌ನಿಂದ ಒಂದು ಪೈಪ್ ಟ್ಯಾಂಕಿಗೆ ಬರುತ್ತೆ, ಅದರ ಒತ್ತಡವೇ ಇಂಧನವನ್ನು ಮುಂದಕ್ಕೆ ತಳ್ಳುತ್ತೆ. ಪೆಟ್ರೋಲ್ ಇಂಜಿನ್ ಹಾಗಲ್ಲ. ಇದರ ವಾಲ್ಬ್ರೋ ಮಾದರಿಯ ಕಾರ್ಬುರೇಟರಲ್ಲೇ ಒಂದು ಪುಟ್ಟ ಪಂಪ್ ಇದೆ. ಕ್ರ್ಯಾಂಕ್‌ಕೇಸಿನಲ್ಲಿ (ಪಿಸ್ಟನ್ ಕೆಳಗಿನ ಕೋಣೆ) ಒತ್ತಡ ಏರಿಳಿದಂತೆ ಒಂದು ತೆಳು ಡಯಾಫ್ರಮ್ ಮಿಡಿಯುತ್ತಾ ಪೆಟ್ರೋಲ್ ಎಳೆದುಕೊಳ್ಳುತ್ತೆ. ಅಂದರೆ ಇಲ್ಲಿ ತಳ್ಳೋದಿಲ್ಲ, ಹೀರೋದು. ಸೀಳಿದ ಸ್ಟ್ರಾ ಹಾಕಿ ಎಳನೀರು ಕುಡಿದು ನೋಡಿ, ನೀರಿಗಿಂತ ಗಾಳಿಯೇ ಜಾಸ್ತಿ ಬಾಯಿಗೆ ಬರುತ್ತೆ ಅಲ್ವಾ? ಅದೇ ಕಥೆ. ಹೊರಗೆ ಒಂದು ಹನಿಯೂ ಸೋರದೆ ಒಳಗೆ ಗಾಳಿ ಎಳೆಯುವ ಜಾಯಿಂಟ್ ಇರಬಹುದು. ನಿಧಾನಕ್ಕೆ ಓಡುವಾಗ ಬೇಕಾಗೋದು ಸ್ವಲ್ಪ ಪೆಟ್ರೋಲ್, ಗೊತ್ತಾಗಲ್ಲ. ಫುಲ್ ಥ್ರಾಟಲ್‌ಗೆ ಹೋದ ಕೂಡಲೇ ಬಯಲಾಗುತ್ತೆ.

ಮೊದಲು ಗ್ಲೋ ಇಂಜಿನ್ ಕಾಲದ ಆ ಹಳೆ ಸಿಲಿಕೋನ್ ಪೈಪ್ ಕಿತ್ತು ಬಿಸಾಕಿ. ಪೆಟ್ರೋಲ್ ತಾಗಿದರೆ ಅದು ಊದಿಕೊಂಡು ಮೆತ್ತಗಾಗುತ್ತೆ, ಟ್ಯಾಂಕಿನಿಂದ ಹೊರಬರುವ ಹಿತ್ತಾಳೆ ಪೈಪಿನ ಮೇಲೆ ಹಿಡಿತವೇ ಇರಲ್ಲ. ಗ್ಲೋ ಇಂಧನಕ್ಕೆ ಮಾಡಿದ ರಬ್ಬರ್ ಸ್ಟಾಪರ್ (ಟ್ಯಾಂಕಿನ ಬಾಯಿಯ ಬಿರಡೆ) ಕೂಡ ಅಂಟಂಟಾಗಿ ಹಾಳಾಗುತ್ತೆ. ಪೆಟ್ರೋಲಿಗೆಂದೇ ಇರುವ ಸ್ಟಾಪರ್ ಹಾಕಿ. ಹೊರಗಿನ ಪೈಪಿಗೆ ಹಳದಿ ಬಣ್ಣದ ಟೈಗಾನ್ ಪ್ಲಾಸ್ಟಿಕ್ ಪೈಪ್ ಸಾಕು. ಟ್ಯಾಂಕಿನ ಒಳಗೆ ಮಾತ್ರ ವಿಟಾನ್ ರಬ್ಬರ್ ಪೈಪ್ ಸಿಕ್ಕರೆ ಅದನ್ನೇ ಹಾಕಿ. ಟೈಗಾನ್ ಪೆಟ್ರೋಲಲ್ಲಿ ನೆನೆದು ನೆನೆದು ಗಟ್ಟಿಯಾಗುತ್ತೆ. ಪೈಪ್ ಗಟ್ಟಿಯಾದರೆ ಅದರ ತುದಿಯ ಕ್ಲಂಕ್ (ಪೆಟ್ರೋಲ್ ಹೀರುವ ಭಾರದ ತುಂಡು) ಪೆಟ್ರೋಲ್ ಇರುವ ಕಡೆ ಬೀಳದೆ ಒಂದೇ ಕಡೆ ನಿಂತುಬಿಡುತ್ತೆ.

ಜಾಯಿಂಟ್‌ಗಳ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ನುಣುಪಾದ ಹಿತ್ತಾಳೆ ಪೈಪಿಗೆ ಟೈಗಾನ್ ಸುಮ್ನೆ ತುರುಕಿದರೆ ನಿಲ್ಲಲ್ಲ. ಪೈಪಿನ ತುದಿಯ ಹತ್ತಿರ ತೆಳು ತಾಮ್ರದ ತಂತಿ ಒಂದು ಸುತ್ತು ಸುತ್ತಿ ಬೆಸುಗೆ ಹಾಕಿ, ಆ ಜಾಗ ಉಂಗುರದ ಹಾಗೆ ಉಬ್ಬುತ್ತೆ. ಬೆಸುಗೆಯ ಚೂಪನ್ನು ಉಜ್ಜಿ ನಯ ಮಾಡಿ, ಇಲ್ಲದಿದ್ದರೆ ಅದೇ ಪೈಪನ್ನು ಒಳಗಿಂದ ಗೀರುತ್ತೆ. ಟೈಗಾನ್ ಅದರ ಮೇಲೆ ಬಿಗಿಯಾಗಿ ಹತ್ತಬೇಕು. ಆಮೇಲೆ ಉಬ್ಬಿನ ಹಿಂದೆ ಸಣ್ಣ ಕೇಬಲ್ ಟೈ. ಟ್ಯಾಂಕಿನ ಒಳಗಿನ ಎರಡೂ ತುದಿಗೆ, ಕ್ಲಂಕಿನ ಕಡೆಗೂ ಇದನ್ನೇ ಮಾಡಿ. ಮುಚ್ಚಿದ ಮೇಲೆ ಆ ಜಾಯಿಂಟ್ ಕಣ್ಣಿಗೆ ಕಾಣಲ್ಲ, ಅದಕ್ಕೇ ಅಲ್ಲಿ ಅವಸರ ಬೇಡ.

ಕ್ಲಂಕ್ ಟ್ಯಾಂಕಿನ ಹಿಂದಿನ ಗೋಡೆಗೆ ತಾಗಬಾರದು, 5-6 ಮಿ.ಮೀ. ಜಾಗ ಇರಲಿ. ಟ್ಯಾಂಕನ್ನು ಕೈಯಲ್ಲಿ ಹಿಡಿದು ಎಲ್ಲಾ ಕಡೆ ತಿರುಗಿಸಿ, ಟಕ್ ಟಕ್ ಅಂತ ಸಲೀಸಾಗಿ ಬೀಳುತ್ತಿರಬೇಕು. ಉದ್ದದ ಟ್ಯಾಂಕ್ ಆದರೆ ಒಳಪೈಪಿನ ನಡುವೆ ಒಂದು ತುಂಡು ಹಿತ್ತಾಳೆ ಪೈಪ್ ಸೇರಿಸಿ. ಆಗ ವಿಮಾನ ಮೂಗು ಕುಟ್ಟಿ ಇಳಿದರೂ ಕ್ಲಂಕ್ ಮುಂದಕ್ಕೆ ಮಡಚಿಕೊಂಡು ಅಲ್ಲೇ ಸಿಕ್ಕಿಕೊಳ್ಳಲ್ಲ.

ಟ್ಯಾಂಕಿನಿಂದ ಎಷ್ಟು ಪೈಪ್ ಹೊರಗೆ ತರಬೇಕು ಅನ್ನೋದಕ್ಕೆ ಜನ ಜಗಳವನ್ನೇ ಆಡುತ್ತಾರೆ. ನನ್ನ ಓಟು ಮೂರಕ್ಕೆ: ಕಾರ್ಬುರೇಟರಿಗೆ ಒಂದು, ಪೆಟ್ರೋಲ್ ತುಂಬೋಕೆ ಒಂದು, ವೆಂಟ್‌ಗೆ, ಅಂದರೆ ಗಾಳಿ ಆಡೋಕೆ, ಒಂದು. ಎರಡೇ ಪೈಪ್ ಇಟ್ಟು ಕಾರ್ಬುರೇಟರ್ ಪೈಪಿಗೇ ಟಿ (T ಆಕಾರದ ಕವಲು) ಹಾಕಿ ತುಂಬುವವರೂ ಇದ್ದಾರೆ, ಅದೂ ನಡೆಯುತ್ತೆ. ಆದರೆ ಟಿ ಅಂದರೆ ಹೀರುವ ದಾರಿಯಲ್ಲೇ ಇನ್ನಷ್ಟು ಜಾಯಿಂಟ್, ಜೊತೆಗೆ ಒಂದು ಮುಚ್ಚಳ. ಮುಚ್ಚಳ ಚೂರು ಸಡಿಲ ಆದರೂ ಗಾಳಿ ಎಳೆಯುತ್ತೆ. ಮೂರು ಪೈಪಿನಲ್ಲಿ ತುಂಬುವ ಮುಚ್ಚಳ ಸಡಿಲವಾದರೂ ಕಾರ್ಬುರೇಟರಿಗೆ ಅದರ ಗೊಡವೆಯೇ ಇಲ್ಲ.

ವೆಂಟ್ ಪೈಪ್ ಟ್ಯಾಂಕಿನ ಒಳಗೆ ಮೇಲ್ಭಾಗಕ್ಕೆ ಬಾಗಿರಲಿ. ಹೊರಗೆ ಟ್ಯಾಂಕಿನ ಮೇಲಿಂದ ಒಂದು ಸುತ್ತು ಹಾಕಿಸಿ ವಿಮಾನದ ಹೊಟ್ಟೆಯ ಕೆಳಗೆ ಬಿಡಿ. ಇದನ್ನು ಯಾವತ್ತೂ ಮುಚ್ಚಬೇಡಿ, ಸೈಲೆನ್ಸರಿಗೂ ಜೋಡಿಸಬೇಡಿ. ವೆಂಟ್ ಕಟ್ಟಿದರೆ ಟ್ಯಾಂಕಿನಲ್ಲಿ ನಿರ್ವಾತ ಆಗುತ್ತೆ, ಲಕ್ಷಣ ನಿಮ್ಮ ಇಂಜಿನ್ ತೋರಿಸುತ್ತಿರೋದೇ.

ಎಲ್ಲಾ ಜೋಡಿಸಿದ ಮೇಲೆ, ಪೆಟ್ರೋಲ್ ಹಾಕುವ ಮೊದಲು ಒಂದು ಪರೀಕ್ಷೆ. ಎರಡು ಪೈಪ್ ಮುಚ್ಚಿ, ಟ್ಯಾಂಕನ್ನು ಬಕೆಟ್ ನೀರಲ್ಲಿ ಮುಳುಗಿಸಿ, ಮೂರನೆಯದರಿಂದ ಮೆಲ್ಲಗೆ ಊದಿ. ಗುಳ್ಳೆ ಎಲ್ಲಿ ಬಂತೋ ತೂತು ಅಲ್ಲೇ. ಟ್ಯಾಂಕಿನ ಒಳಗಿನ ಜಾಯಿಂಟ್ ಇದರಲ್ಲಿ ಸಿಕ್ಕಿಬೀಳಲ್ಲ, ಅದನ್ನು ಕಟ್ಟುವಾಗಲೇ ಎಳೆದು ನೋಡಿರಬೇಕು. ಇಂಜಿನ್ ಓಡುವಾಗ ಕಾರ್ಬುರೇಟರ್ ಹತ್ತಿರದ ಪೈಪನ್ನೂ ಗಮನಿಸಿ, ಪೆಟ್ರೋಲ್ ಜೊತೆ ಗುಳ್ಳೆ ಸಾಲಾಗಿ ಹೋಗುತ್ತಿದ್ದರೆ ಗಾಳಿ ಇನ್ನೂ ನುಗ್ಗುತ್ತಿದೆ. ಟ್ಯಾಂಕನ್ನು ಫೋಮ್ ಮೇಲೆ ಕೂರಿಸಿ, ನಡುಕಕ್ಕೆ ನೊರೆ ಬಂದರೂ ಗುಳ್ಳೆ ಕಾಣುತ್ತೆ. ಪಂಪ್ ಇರೋದರಿಂದ ಟ್ಯಾಂಕ್ ಇಂಜಿನ್ ಬೆನ್ನಿಗೇ ಅಂಟಿರಬೇಕಿಲ್ಲ. ವಿಮಾನದ ತೂಕ ಸಮ ತೂಗುವ ಜಾಗದಲ್ಲಿಟ್ಟರೆ ಪೆಟ್ರೋಲ್ ಖರ್ಚಾದರೂ ತೂಕದ ಸಮತೋಲನ ಕೆಡಲ್ಲ.

ಇಷ್ಟಾದರೂ ಸರಿಯಾಗದಿದ್ದರೆ ಕಾರ್ಬುರೇಟರ್ ಬಿಚ್ಚಿ. ಪಂಪಿನ ಮುಚ್ಚಳದ ಕೆಳಗೆ ಒಂದು ಸಣ್ಣ ಜಾಲರಿ ಇದೆ, ಕಸ ಕಟ್ಟಿರುತ್ತೆ. ಕಾರ್ಬುರೇಟರ್ ಕೂರುವ ಗ್ಯಾಸ್ಕೆಟ್ ತಿರುಗಾಮುರುಗಾ ಆಗಿ, ಕ್ರ್ಯಾಂಕ್‌ಕೇಸಿನ ಒತ್ತಡ ಪಂಪಿಗೆ ಮುಟ್ಟಿಸುವ ಪಲ್ಸ್ ತೂತು ಮುಚ್ಚಿದ್ದರೂ ಪಂಪ್ ಕೆಲಸ ಮಾಡಲ್ಲ.

ಎಣ್ಣೆ ವಿಷಯ ಚಿಕ್ಕದು. 30ಕ್ಕೆ 1 ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 33 ಮಿ.ಲೀ. ಒಳ್ಳೆ ಟೂ ಸ್ಟ್ರೋಕ್ ಎಣ್ಣೆ. ಈಗ ನಮ್ಮ ಬಂಕ್‌ಗಳ ಪೆಟ್ರೋಲಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ, ಡಯಾಫ್ರಮ್‌ಗೂ ಒಳ್ಳೆಯದಲ್ಲ. ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ. ಹಾರಿಸಿ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಲ್ಲಿ ಉಳಿದದ್ದು ತೀರುವವರೆಗೆ ಇಂಜಿನ್ ಓಡಿಸಿ.

ಕೊನೆಗೆ ನೀಡಲ್. ಎಚ್ ಮತ್ತು ಎಲ್ (ನಿಧಾನದ ಓಟಕ್ಕಿರೋದು) ಎರಡನ್ನೂ ಕೈಪಿಡಿ ಹೇಳಿದ ಜಾಗಕ್ಕೆ ವಾಪಸ್ ತಂದು ಅಲ್ಲಿಂದ ಶುರು ಮಾಡಿ. ಎಚ್ ಸರಿ ಅನ್ನಿಸಿದಾಗ, ಪ್ರೊಪೆಲ್ಲರ್ ಹಿಂದೆ ನಿಂತ ಇನ್ನೊಬ್ಬರು ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗು ಮೇಲೆತ್ತಲಿ, ನೀವು ಫುಲ್ ಥ್ರಾಟಲ್ ಕೊಡಿ. ಹತ್ತಿಪ್ಪತ್ತು ಸೆಕೆಂಡ್ ಸದ್ದು ಇಳಿಯದೆ ಓಡಿದರೆ ಹಾರಿಸಬಹುದು. ಇಳಿದರೆ ಎಚ್ ಒಂದು ಚೂರು ತೆರೆದು ಮತ್ತೆ ನೋಡಿ. ಆಗಲೂ ಬದಲಾಗದಿದ್ದರೆ ಪೈಪಿನ ಮತ್ತು ಗ್ಯಾಸ್ಕೆಟ್ಟಿನ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.