ಯಾಣದ ಬಂಡೆಗಳ ಎದುರು ‘ನಾನೆಷ್ಟು ಚಿಕ್ಕವನು’ ಎನಿಸುವುದು ಕೀಳರಿಮೆಯೇ?

ಅಲ್ಲ, ಅದು ಬೆರಗು. ಕೀಳರಿಮೆಯಲ್ಲಿ ಗಮನವೆಲ್ಲ ನಮ್ಮ ಮೇಲೇ ನೆಟ್ಟಿರುತ್ತದೆ: ನಾನು ಸಾಲದು, ಅವರಿಗಿಂತ ಕಡಿಮೆ ಎಂಬ ಹೋಲಿಕೆ. ಬೆರಗಿನಲ್ಲಿ ಗಮನ ನಮ್ಮನ್ನು ಬಿಟ್ಟು ಹೊರಗೆ ಹೋಗುತ್ತದೆ.

ಮನೋವಿಜ್ಞಾನಿಗಳಾದ ಡ್ಯಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ 2003ರಲ್ಲಿ ವಿವರಿಸಿದಂತೆ, ಬೆರಗು ಹುಟ್ಟಲು ಎದುರಿಗಿರುವುದು ಅಗಾಧವಾಗಿರಬೇಕು, ನಮ್ಮ ತಲೆಯೊಳಗಿನ ಅಳತೆಗೆ ಒಗ್ಗದಂತೆಯೂ ಇರಬೇಕು. ಕಾಡುದಾರಿಯಲ್ಲಿ ನಡೆದು ಬಂದವರೆದುರು ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಮರಗಳ ನಡುವಿನಿಂದ ಕಾಣಿಸಿಕೊಂಡಾಗ, ಆ ಕಪ್ಪು ಸುಣ್ಣಕಲ್ಲನ್ನು ಅರಗಿಸಿಕೊಳ್ಳಲು ಮನಸ್ಸು ತನ್ನ ಅಳತೆಯನ್ನೇ ಹಿಗ್ಗಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಸಾಲದ ಕಂತನ್ನೋ ಯಾರೋ ಆಡಿದ ಮಾತನ್ನೋ ಮೆಲುಕು ಹಾಕಲು ಅದಕ್ಕೆ ಪುರಸೊತ್ತಿಲ್ಲ.

ಇದರ ಪರಿಣಾಮ ನಡತೆಯಲ್ಲೂ ಕಾಣುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಎತ್ತರದ ನೀಲಗಿರಿ ಮರಗಳನ್ನು ಒಂದು ನಿಮಿಷ ತಲೆಯೆತ್ತಿ ನೋಡಿದವರು, ಪಕ್ಕದ ಕಟ್ಟಡ ನೋಡಿದವರಿಗಿಂತ ಹೆಚ್ಚು ನೆರವಾದರು. ಅಪರಿಚಿತರ ಕೈಯಿಂದ ಬಿದ್ದ ಪೆನ್ನುಗಳನ್ನು ಹೆಚ್ಚು ಹೆಕ್ಕಿಕೊಟ್ಟರು. ನನಗೆ ಇದು ತುಂಬ ಇಷ್ಟವಾದ ಫಲಿತಾಂಶ.

ಮುಂದಿನ ಸಲ ಹೋದಾಗ ಮೊದಲ ಕೆಲವು ನಿಮಿಷ ಮೊಬೈಲ್ ಜೇಬಿನಲ್ಲೇ ಇರಲಿ. ಬಂದ ಕೂಡಲೇ ಸೆಲ್ಫಿಗೆ ನಿಂತರೆ ಗಮನ ಮತ್ತೆ ನಿಮ್ಮ ಮುಖಕ್ಕೇ ಮರಳುತ್ತದೆ.