ಐದು ತಿಂಗಳ ಮಗುವಿನ ಜೊತೆ ಬೆಂಗಳೂರಿಂದ ಸಿಯಾಟಲ್‌ಗೆ

ಐದು ತಿಂಗಳ ಮಗು ಜೊತೆ ಒಬ್ಬರೇ ಫ್ರಾಂಕ್‌ಫರ್ಟ್ ಮೂಲಕ ಸಿಯಾಟಲ್‌ಗೆ ಹೋಗಬೇಕು, ಬಾಸಿನೆಟ್ (ವಿಮಾನದಲ್ಲಿ ಮಗು ಮಲಗಿಸುವ ಪುಟ್ಟ ತೊಟ್ಟಿಲು) ಬೇಕಾ, ಕಿವಿನೋವಿಗೆ ಏನು ಮಾಡಲಿ ಅಂತ ಕೇಳಿದ್ದೀರಿ. ನನ್ನ ಮಗಳಿಗೆ ಆರು ತಿಂಗಳಾಗಿದ್ದಾಗ ನಾನೂ ಇದೇ ದಾರಿಯಲ್ಲಿ ಹೋಗಿದ್ದೆ.

ಬಾಸಿನೆಟ್ ಖಂಡಿತ ಬೇಕು. ಇವತ್ತೇ ಏರ್‌ಲೈನ್‌ಗೆ ಫೋನ್ ಮಾಡಿ, ಒಂದು ವಿಮಾನದಲ್ಲಿ ಇರುವುದೇ ಕೆಲವು. ತೂಕದ ಮಿತಿಯನ್ನೂ ಕೇಳಿಕೊಳ್ಳಿ.

ಕಿವಿನೋವು ಇಳಿಯುವಾಗಲೇ ಜಾಸ್ತಿ. ಹಾಲು ನುಂಗುತ್ತಿದ್ದರೆ ಕಿವಿಯೊಳಗಿನ ಒತ್ತಡ ಸರಿಹೋಗುತ್ತದೆ. ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ವಿಮಾನ ಕೆಳಗಿಳಿಯಲು ಶುರುವಾಗುತ್ತದೆ, ಆಗ ಕುಡಿಸಿ. ನಾನು ಮೊದಲ ವಿಮಾನದಲ್ಲಿ ಬೇಗ ಕುಡಿಸಿಬಿಟ್ಟೆ. ಇಳಿಯುವಾಗ ಹೊಟ್ಟೆ ತುಂಬಿತ್ತು, ಬಾಯಿ ಬಿಡಲೇ ಇಲ್ಲ. ಕಿವಿ ಎಳೆದುಕೊಂಡು ಅತ್ತಳು ಪಾಪ. ಎರಡನೇ ಸಲ ತಡೆದು ಕೊಟ್ಟೆ, ಕುಡಿಯುತ್ತಲೇ ಇಳಿದಳು. ಶೀತ ಇದ್ದರೆ ಮಾತ್ರ ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ.

ಕೈಚೀಲದಲ್ಲಿ ಒಯ್ಯುವ ದ್ರವಗಳಿಗಿರುವ 100 ಮಿಲಿಲೀಟರ್ ಮಿತಿ ಮಗುವಿನ ಹಾಲಿಗೆ ಇಲ್ಲ. ಸೆಕ್ಯುರಿಟಿ ಚೆಕಿಂಗ್‌ನಲ್ಲಿ ನೀವೇ ತೆಗೆದು ತೋರಿಸಿ. ನಿಮಗೂ ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಅಮ್ಮನ ಹಳೇ ಕಾಟನ್ ಸೀರೆಯ ತುಂಡೊಂದು ಇಟ್ಟುಕೊಳ್ಳಿ. ಅದನ್ನು ಹೊದಿಸಿದ ಮೇಲೆಯೇ ನನ್ನ ಮಗಳು ನಿದ್ದೆ ಮಾಡಿದ್ದು.