ಎಚ್‌ಎಂಪಿವಿ ಹೊಸ ಕೊರೊನಾನಾ? ಪುಟ್ಟ ಮಗುವನ್ನು ಹೇಗೆ ಕಾಪಾಡುವುದು?

ಎಚ್‌ಎಂಪಿವಿ (ಹ್ಯೂಮನ್ ಮೆಟಾನ್ಯುಮೊವೈರಸ್) ಅಂದರೆ ನೆಗಡಿ, ಕೆಮ್ಮು ತರುವ ಒಂದು ವೈರಸ್. ಅದು ಹೊಸದೂ ಅಲ್ಲ, ಕೊರೊನಾ ಜಾತಿಯದೂ ಅಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಇದು ಪತ್ತೆಯಾದಾಗ ಎಲ್ಲರೂ ಗಾಬರಿಯಾಗಿದ್ದರು, ಆದರೆ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಇದನ್ನು ಗುರುತಿಸಿದ್ದು 2001ರಲ್ಲೇ, ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಇದು ಜನರ ನಡುವೆ ಸುತ್ತುತ್ತಲೇ ಇತ್ತು. ಐದು ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳಿಗೆ ಬಂದು ಹೋಗಿರುತ್ತದೆ, ನೆಗಡಿ ಅಂತ ನಾವು ಸುಮ್ನೆ ಬಿಟ್ಟಿರುತ್ತೇವೆ.

ಕೆಮ್ಮಿದಾಗ, ಸೀನಿದಾಗ ಹಾರುವ ಹನಿಗಳಿಂದ ಹರಡುತ್ತದೆ. ಜನ ಮರೆಯುವುದು ಕೈಯನ್ನು. ಮೂಗು ಒರೆಸಿದ ಕೈಯಲ್ಲೇ ಫೋನ್, ಆಟದ ಸಾಮಾನು ಮುಟ್ಟುತ್ತೇವೆ, ಮಗು ಅದನ್ನೇ ಬಾಯಿಗೆ ಹಾಕುತ್ತದೆ, ಅಲ್ವಾ? ಈ ವೈರಸ್‌ನ ಹೊರಗಿನ ಕೊಬ್ಬಿನ ಪದರವನ್ನು ಸೋಪು ಒಡೆಯುತ್ತದೆ, ಹಾಗಾಗಿ 20 ಸೆಕೆಂಡ್ ಚೆನ್ನಾಗಿ ತಿಕ್ಕಿ ತೊಳೆಯಿರಿ. ನಿಮಗೆ ನೆಗಡಿ ಇದ್ದರೆ ಮಗುವಿಗೆ ಮುತ್ತು ಕೊಡಬೇಡಿ, ಎತ್ತಿಕೊಳ್ಳುವಾಗ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ. ನೆಂಟರಿಗೂ ಮುಲಾಜಿಲ್ಲದೆ ಹೇಳಿ.

ಲಸಿಕೆ ಇನ್ನೂ ಇಲ್ಲ. ಆಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ, ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ಮಗು ಹಾಲು ಕುಡಿಯದಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ, ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.